ಚೆನ್ನೈಗೆ ಒಂದು ಗಂಟೆ

ನಲ್ಲೂರಿನ ಪಕ್ಕದ ನಮ್ಮ ಹಳ್ಳಿಯ ಮೇಲೆ ದಿನವಿಡೀ ವಿಮಾನಗಳು ಹಾರುತ್ತವೆ. ಮದುವೆಯಾಗಿ ಚೆನ್ನೈ ಸೇರಿದ್ದ ನನ್ನ ಅಕ್ಕ, ಫೋನಿನಲ್ಲಿ ಆ ಸದ್ದು ಕೇಳಿಸಿದಾಗಲೆಲ್ಲ ನಗುತ್ತಿದ್ದಳು. "ಅದನ್ನೇ ಹತ್ಕೊಂಡ್ ಬಾರೇ, ಒಂದ್ಗಂಟೆಗೆ ನಮ್ಮನೇಲಿರ್ತೀಯ." ಅಮ್ಮ ತೀರಿಕೊಂಡ ಮೇಲೆ ನನ್ನ ಎರಡೂ ಬಾಣಂತನ ಮಾಡಿದವಳು ಅವಳೇ.

ಹೋದ ಜನವರಿಯ ಒಂದು ಬೆಳಗ್ಗೆ ನಾನು ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಭಾವನ ಫೋನು ಬಂತು. ಅಕ್ಕನಿಗೆ ಆಗಲೇ ಡಯಾಲಿಸಿಸ್ ನಡೆಯುತ್ತಿತ್ತು. "ಉಸಿರಾಟ ಸರಿಯಿಲ್ಲಮ್ಮ. ನೋಡೋರಿದ್ರೆ ಕರೆಸ್ಕೊಳ್ಳಿ ಅಂದ್ರು ಡಾಕ್ಟ್ರು" ಎಂದವರು ಫೋನು ಇಟ್ಟುಬಿಟ್ಟರು.

ನನಗೆ ಕಾರಿನಲ್ಲೇ ಹೊರಡುವ ಮನಸ್ಸು. ಸೂಲಿಬೆಲೆ ದಾಟಿ ಹೊಸಕೋಟೆ ಹತ್ತಿರ ಹೆದ್ದಾರಿ ಹಿಡಿದರೆ ಮಧ್ಯಾಹ್ನಕ್ಕೆ ತಲುಪಬಹುದಿತ್ತು. ಯಜಮಾನರು ಒಪ್ಪಲಿಲ್ಲ.

"ಆರೇಳ್ ಗಂಟೆ ರೋಡಲ್ಲಿ ಕೂತಿರ್ತೀಯಾ? ಏರ್‌ಪೋರ್ಟ್ ಇಲ್ಲೇ ಐತೆ. ವಿಮಾನದಲ್ಲಿ ಒಂದೇ ಗಂಟೆ ಕಣೇ."

"ಹೊರಗೆ ನೋಡ್ರೀ, ಮಂಜು."

"ಬಿಸಿಲು ಬಿದ್ರೆ ಕರಗೋಗುತ್ತೆ, ನಡಿ."

ಅವರು ಫೋನಿನಲ್ಲೇ ಟಿಕೆಟ್ ಮಾಡಿದರು. ಏರ್‌ಪೋರ್ಟಿಗೆ ಹೋಗುವ ಇಪ್ಪತ್ತು ನಿಮಿಷದ ದಾರಿಯಲ್ಲಿ ಮುಂದಿನ ಲಾರಿಯ ಹಿಂದೀಪವೂ ಕಾಣುತ್ತಿರಲಿಲ್ಲ.

ಅವರು ನನ್ನನ್ನು ಬಾಗಿಲಲ್ಲಿ ಬಿಟ್ಟು ಮನೆಗೆ ಹೋದರು. ಒಳಗೆ ಹೋಗಿ ಕೂತೆ. ಗಾಜಿನಾಚೆ ಬರೀ ಬಿಳಿ. ತಡ ಎಂದರು, ಇನ್ನೂ ತಡ ಎಂದರು. ಬರಬೇಕಿದ್ದ ವಿಮಾನ ಇಲ್ಲಿ ಇಳಿಯಲಾಗದೆ ಬೇರೆ ಊರಿಗೆ ಹೋಗಿದೆಯಂತೆ. ಎದ್ದು ಹೊರಗೆ ಹೋಗಿ ಕಾರು ಹಿಡಿಯೋಣವೆನಿಸುತ್ತಿತ್ತು. ಅಷ್ಟರಲ್ಲಿ ವಿಮಾನ ಬಿಟ್ಟುಬಿಟ್ಟರೆ ಎಂಬ ಭಯ ನನ್ನನ್ನು ಕುರ್ಚಿಗೆ ಅಂಟಿಸಿತ್ತು. ಕೋಲಾರ ದಾಟಿರುತ್ತಿದ್ದೆ, ಆಂಧ್ರದ ಗಡಿ ದಾಟಿರುತ್ತಿದ್ದೆ ಎಂದು ಮನಸ್ಸು ತನ್ನಷ್ಟಕ್ಕೆ ದಾರಿ ಸವೆಸುತ್ತಿತ್ತು.

ಮತ್ತೆ ಭಾವನ ಫೋನು. ಆಕ್ಸಿಜನ್ ಮಾಸ್ಕ್ ಸರಿಸಿ ಫೋನನ್ನು ಅಕ್ಕನ ಬಾಯಿಯ ಹತ್ತಿರ ಹಿಡಿದಿದ್ದರು.

"ಎಲ್ಲಿದ್ದೀಯೇ?"

"ಏರ್‌ಪೋರ್ಟಲ್ಲಿದೀನಿ ಅಕ್ಕ. ಈಗ ಬಿಡ್ತಾರಂತೆ."

"ಹಂಗಾದ್ರೆ ಬಂದ್ಬಿಟ್ಟೆ ಅನ್ನು" ಎಂದಳು. ದನಿಯಲ್ಲಿ ನಿಜವಾಗಿಯೂ ನೆಮ್ಮದಿಯಿತ್ತು.

ಬಿಸಿಲು ಬಂದು ಎಷ್ಟೋ ಹೊತ್ತಾದ ಮೇಲೆ ನಮ್ಮನ್ನು ಹತ್ತಿಸಿದರು. ಅದು ನನ್ನ ಮೊದಲ ವಿಮಾನ ಪ್ರಯಾಣ. ಮೇಲೇರಿತು, ಯಾರೋ ನೀರು ಕೊಟ್ಟರು, ಇಳಿಯತೊಡಗಿತು. ಅಷ್ಟೇ. ನೆಲ ಮುಟ್ಟಿದ ಮೇಲೆ ಫೋನು ಆನ್ ಮಾಡಿದರೆ ಭಾವ ಮತ್ತೆ ಮತ್ತೆ ಕರೆ ಮಾಡಿದ್ದರು. ನಾನು ತಿರುಗಿ ಮಾಡಲಿಲ್ಲ. ಟ್ಯಾಕ್ಸಿಯವನು ತಮಿಳಿನಲ್ಲಿ ಏನೋ ಕೇಳಿದ. ಆಸ್ಪತ್ರೆಯ ಹೆಸರು ಹೇಳಿ ಕಿಟಕಿಗೆ ತಲೆಯಾನಿಸಿದೆ.

ಅಕ್ಕನ ಮೂಗಿಗೆ ಹತ್ತಿ ಇಟ್ಟಾಗಿತ್ತು. ತಲೆ ಮಾತ್ರ ನೀಟಾಗಿ ಬಾಚಿತ್ತು. "ತಂಗಿ ಬರ್ತಾಳೆ, ಹಿಂಗಿದ್ರೆ ಅಳ್ತಾಳೆ ಅಂತ ನರ್ಸ್ ಕೈಲಿ ಬಾಚಿಸ್ಕೊಂಡ್ಲು" ಎಂದರು ಭಾವ. "ಅದಾಗಿ ಸ್ವಲ್ಪ ಹೊತ್ತಿಗೇ ಹೋಗ್ಬಿಟ್ಲು." ನಾನು ಅವಳ ಪಾದ ಹಿಡಿದು ಕೂತೆ. ತಣ್ಣಗಾಗಿತ್ತು.

ಕಾರ್ಯ ಮುಗಿಸಿ ರೈಲಿನಲ್ಲಿ ವಾಪಸು ಬಂದೆ. ಮನೆಗೆ ಕರೆದೊಯ್ಯಲು ಯಜಮಾನರು ಕಾರು ತಂದಿದ್ದರು. ಊರು ಹತ್ತಿರವಾದಾಗ ರಸ್ತೆಯ ಮೇಲಿನ ಕಣ್ಣು ತೆಗೆಯದೆ, "ಕಾರಲ್ಲೇ ಹೋಗಿದ್ರೆ ಸಿಗ್ತಿದ್ರೇನೋ" ಎಂದರು.

"ಹಂಗೇನಿಲ್ಲ ಬಿಡ್ರೀ" ಎಂದು ಹೇಳಬೇಕಿತ್ತು. ಬಾಯಿ ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ.