ಕಾಕಾನ ಕಾಡುಪಪ್ಪಾಯಿಗೊಂದು ವರ

ನಿಂತುಕೊಂಡು ಚಹಾ ಕುಡಿಯುವವರನ್ನು ಬಹಳ ನೋಡಿದ್ದೇನೆ. ಕುಡಿಯುತ್ತ ಅಂಗಳ ಸುತ್ತುವವರು ನಮ್ಮ ಬಾಜು ಮನೆಯ ಚೆನ್ನಬಸಪ್ಪ ಕಾಕಾ ಒಬ್ಬರೇ. ಕಲಘಟಗಿಯ ಅವರ ಭತ್ತದ ಅಂಗಡಿಯಲ್ಲಿ ಗಾದಿ ಇತ್ತು, ಗಾದಿಗೆ ಲೋಡು ಇತ್ತು, ಲೋಡಿಗೆ ಒರಗುವ ಮನುಷ್ಯ ಮಾತ್ರ ಇರಲಿಲ್ಲ. "ಕುಂಡ್ರರಿ ಕಾಕಾ" ಎಂದರೆ, "ಕುಂತ್ರ ಕಾಲಿಗೆ ಬ್ಯಾಸರ ಬರತೈತೋ ತಮ್ಮಾ" ಎನ್ನುತ್ತಿದ್ದರು.

ಅವರ ಹೊಲದ ಪಪ್ಪಾಯಿ ತೋಟ ಎಲೆರೋಗ ತಗುಲಿ ಪೂರ್ತಿ ಹಾಳಾಗಿತ್ತು. ಮುಂದೆ ಊಟಿಗೆ ಹೋದಾಗ ಯಾರದೋ ಹಿತ್ತಲಿನಲ್ಲಿ ಬೆಟ್ಟದ ಕಾಡುಪಪ್ಪಾಯಿ ಕಂಡರು. ಅದಕ್ಕೆ ಈ ರೋಗದ ಭಯವಿಲ್ಲವೆಂದು ಕೇಳಿದ್ದೇ ತಡ, ಕರವಸ್ತ್ರದಲ್ಲಿ ಬೀಜ ಕಟ್ಟಿಕೊಂಡು, ಸಂಗಡ ಬಂದವರು ಇನ್ನೂ ಊಟಿ ನೋಡುತ್ತಿರುವಾಗಲೇ ಊರಿಗೆ ಮರಳಿದರು. ತೋಟ ಮತ್ತೆ ಎಬ್ಬಿಸಬೇಕು, ಅದಕ್ಕೆ ನಮ್ಮ ಮಣ್ಣಿನಲ್ಲೇ ಕಟ್ಟಿದ ಬೀಜ ಬೇಕು. ಆಮೇಲೆ ಅವರಿಗೆ ಬೇರೆ ಮಾತಿರಲಿಲ್ಲ.

ಬಿತ್ತಿದ್ದರಲ್ಲಿ ಬದುಕಿದ್ದು ಎರಡು ಗಿಡ, ಹಿತ್ತಲ ಬಾವಿಯ ನೆರಳಿನಲ್ಲಿ. ಬಂದವರಿಗೆಲ್ಲ ಗುರುತು ಹೇಳಿಕೊಡುವ ಶಾಸ್ತ್ರ ನಡೆಯುತ್ತಿತ್ತು. "ಎಲಿ ಹೊಳ್ಳಿಸಿ ಮುಟ್ಟಿ ನೋಡ್ರಿ. ಬೆಕ್ಕಿನ ಕಿವಿಗತೆ ಮೆತ್ತಗ ಐತಿಲ್ಲ? ನಮ್ಮ ಪಪ್ಪಾಯಿ ಎಲಿ ಬರೇ ನುಣುಪು." ತಾಲೂಕಿನ ಸಾಹೇಬರಿಗೂ ಆ ಕಿವಿ ಮುಟ್ಟದೆ ಚಹಾ ಸಿಗುತ್ತಿರಲಿಲ್ಲ.

ಒಂದು ಗಿಡ ಮೊದಲು ಹೂ ಬಿಟ್ಟಿತು, ಗಂಡು. ಹಣ್ಣು ಕೊಡದ ಗಂಡು ಪಪ್ಪಾಯಿಯನ್ನು ಕಂಡಲ್ಲಿ ಕಡಿಯುವುದು ನಮ್ಮ ಕಡೆಯ ರೂಢಿ. ಕಾಕಾನದು ಮೊದಲೇ ಸುಮ್ಮನಿರದ ಕೈ. ಕುಡಗೋಲು ಎತ್ತಿ, ಮೊಣಕಾಲೆತ್ತರದ ಬುಡ ಉಳಿಸಿ ಕಡಿದೇಬಿಟ್ಟರು. ತಿಂಗಳೊಪ್ಪತ್ತಿನಲ್ಲಿ ಇನ್ನೊಂದು ಹೂ ಬಿಟ್ಟಿತು, ಹೆಣ್ಣು. ಹೂ ಅರಳಿತು, ಉದುರಿತು, ಕಾಯಿ ಮಾತ್ರ ಕಾಣಲಿಲ್ಲ.

"ಮದವಿ ಮನ್ಯಾಗ ವರನ್ನ ಕಡದು, ಈಗ ಅಕ್ಕಿಕಾಳ ಹಿಡಕೊಂಡು ಅಡ್ಡಾಡ್ತೀರಿ" ಎಂದರು ಅವರ ಹೆಂಡತಿ, ನಮ್ಮೆಲ್ಲರ ಕಾಕು.

"ಬ್ಯಾರೆ ವರನ್ನ ತರತೇನಿ ತಗೋ."

ಮರುದಿನದಿಂದ ವರಾನ್ವೇಷಣೆ ಆರಂಭವಾಯಿತು. ಸ್ಕೂಟರಿನ ಮೇಲೆ ಹಳ್ಳಿ ಹಳ್ಳಿ ಸುತ್ತಿ, ಯಾರೋ ಕಡಿಯಲು ಮರೆತ ಊರಪಪ್ಪಾಯಿಯ ಗಂಡು ಹೂಗಳನ್ನು ಸ್ಟೀಲ್ ಡಬ್ಬಿಯಲ್ಲಿ ತಂದು, ಕಾಕಾ ತಾವೇ ಹೆಣ್ಣು ಹೂವಿಗೆ ಸವರಿದರು. ಕಾಯಿಯೇನೋ ಕಚ್ಚಿತು. ಮುಷ್ಟಿಯಷ್ಟು ಗಾತ್ರ, ಮೈಮೇಲೆ ಐದು ಏಣು, ಹಣ್ಣಾದಾಗ ಘಮ ಬೀದಿಗೆ ಮುಟ್ಟಿತು. ಹಾಗೇ ತಿಂದರೆ ಸಪ್ಪೆ. ಬೆಲ್ಲ ಹಾಕಿ ಕಾಕು ಕುದಿಸಿದ ಗುಳಂಬ ಚಪಾತಿಗೆ ಸೊಗಸಾಗಿತ್ತು. ಆದರೆ ಹಣ್ಣಿನೊಳಗೆ ಒಂದೂ ಬೀಜವಿರಲಿಲ್ಲ. ಖಾಲಿ ಹೋಳನ್ನು ಬೆಳಕಿಗೆ ಹಿಡಿದು ಕಾಕಾ ಬಹಳ ಹೊತ್ತು ನೋಡಿದರು. ಅವರು ಅಷ್ಟು ಹೊತ್ತು ಒಂದೆಡೆ ನಿಂತದ್ದನ್ನು ನಾನು ಕಂಡಿರಲಿಲ್ಲ.

"ಕಾಡಿಗೂ ಊರಿಗೂ ಬೀಗತನ ಕೂಡಲಿಲ್ಲೋ ತಮ್ಮಾ" ಎಂದರು.

ಮಳೆಗಾಲ ಬಂದಾಗ, ಕಡಿದ ಗಂಡುಗಿಡದ ಬುಡ ಚಿಗುರಿತು. ಕಾಕಾ ಅದಕ್ಕೆ ಮುಳ್ಳಿನ ಬೇಲಿ ಹಾಕಿ, ಕುಡಗೋಲನ್ನು ನಮ್ಮ ಮನೆಗೆ ತಂದರು. "ನಿನ್ನ ಕಡೆ ಇರಲಿ. ನಾ ಬಂದು ಕೇಳಿದ್ರೂ ಕೊಡಬ್ಯಾಡ." ಚಹಾ ಮಾಡಿಸುತ್ತೇನೆಂದೆ. ಅಷ್ಟರಲ್ಲಿ ಗೇಟು ದಾಟಿದ್ದರು. ಅದೇ ಕೊನೆಯ ಭೇಟಿ. ಅದೇ ವಾರ ಅಂಗಡಿಯ ಬಾಗಿಲಲ್ಲಿ, ನಿಂತಲ್ಲೇ ಕುಸಿದು ಹೋದರು.

ಚಿಗುರು ಬೆಳೆದು ಹೂ ಬಿಟ್ಟಾಗ ಕಾಕು ಆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಕಾಕಾ ಮಾಡಿದಂತೆಯೇ ಸವರಿದೆ. ಮೊನ್ನೆ ಹಣ್ಣು ಒಡೆದೆವು. ಒಳಗೆ ತುಂಬ ಕರಿ ಬೀಜ.

ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡು, "ಆ ಕುಡಗೋಲ ತಂದು ಕೊಡಪಾ. ಹೊಲದಾಗ ಕಂಟಿ ಬೆಳದಾವು, ಹಸನ ಮಾಡಬೇಕು" ಎಂದರು.

ಕಾಕಾ ಕೇಳಿದರೆ ಕೊಡಬಾರದೆಂದು ಆಜ್ಞೆಯಿತ್ತು. ಕಾಕು ಕೇಳಿದರೆ ಏನೆಂದು ಇರಲಿಲ್ಲ. ತಂದು ಕೊಟ್ಟೆ.

"ಕುಂಡ್ರಪಾ, ಚಾ ಆರತೈತಿ" ಎಂದರು ಕಾಕು, ಎರಡನೆಯ ಸಲ. ಆಗ ನೋಡಿಕೊಂಡೆ: ಕಪ್ಪು ಹಿಡಿದು ಅಂಗಳ ಸುತ್ತುತ್ತಿದ್ದೆ.