ಹಗ್ಗ ಎರಡು ಸಲ ಜಗ್ಗಿತು

ಮಾರಿಷಸ್‌ನ ಜಲಪಾತದ ನೆತ್ತಿಯಲ್ಲಿ ಗೈಡ್ ಹೆಂಗಸು ನಮ್ಮ ಅಕ್ಕನ ಸೊಂಟದ ಪಟ್ಟಿಗೆ ಹಗ್ಗ ಬಿಗಿಯುತ್ತಿದ್ದಳು. ಹಗ್ಗ ಹಿಡಿದು ಜಲಪಾತ ಇಳಿಯುವುದು ಇಲ್ಲಿಯ ಮೋಜು. ನಾನೇ ಹಟ ಹಿಡಿದು ಅಕ್ಕನನ್ನು ಕರೆತಂದಿದ್ದೆ. ಹೆದರಿಕೆಯಾದರೆ ಕೆಳಗೆ ನೋಡಬಾರದು, ತಳ ಮುಟ್ಟಿದ ಕೂಡಲೇ ಕೈ ಎತ್ತಬೇಕು ಎಂದಳು ಗೈಡ್. ಅದನ್ನು ನಾನು ಕನ್ನಡದಲ್ಲಿ ಹೇಳಿದಾಗ, ಅರವತ್ತು ದಾಟಿದ ಅಕ್ಕ ನಕ್ಕುಬಿಟ್ಟಳು.

“ಕೆಳಗ ನೋಡ್ಲಿಲ್ಲಂದ್ರ ನೀರ್ ಎಷ್ಟದ ಅಂತ ಹ್ಯಾಂಗ ತಿಳೀತದ?”

ಅದು ನಮ್ಮೂರು ಕಮಠಾಣದ ಬಾವಿಯ ಮಾತು. ನಾವು ಚಿಕ್ಕವರಿದ್ದಾಗ ಒಂದು ಬರದ ವರ್ಷ ಅಪ್ಪ ಅವ್ವ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಹೋಗಿದ್ದರು. ಬಾವಿಯಲ್ಲಿ ಕೊಡ ಮುಳುಗುವಷ್ಟು ನೀರಿರಲಿಲ್ಲ. ಅಕ್ಕ ಒಳಗಿಳಿದು, ಹಗ್ಗಕ್ಕೆ ಕಟ್ಟಿದ ಕೊಡಕ್ಕೆ ಬಟ್ಟಲಿನಿಂದ ನೀರು ತುಂಬುತ್ತಿದ್ದಳು. ತುಂಬಿದ ಮೇಲೆ ಹಗ್ಗವನ್ನು ಎರಡು ಸಲ ಜಗ್ಗುತ್ತಿದ್ದಳು. ಮೇಲೆ ನಿಂತ ನಾನು ಎಳೆದುಕೊಳ್ಳುತ್ತಿದ್ದೆ.

ಜಲಪಾತದ ಬಂಡೆಗೆ ಕಾಲು ಕೊಟ್ಟು ಅಕ್ಕ ಸಲೀಸಾಗಿ ಇಳಿದಳು. ಎದೆಮಟ್ಟದ ನೀರಿನಲ್ಲಿ ಸುಮ್ಮನೆ ನಿಂತಳು. ಕೈ ಎತ್ತಲಿಲ್ಲ. ಹಗ್ಗ ಎರಡು ಸಲ ಜಗ್ಗಿತು.

ಪೆಟ್ಟೇನಾದರೂ ಆಯಿತೇ ಎಂದು ಗಾಬರಿಯಿಂದ ನನ್ನತ್ತ ತಿರುಗಿದ ಗೈಡ್ ಇನ್ನಷ್ಟು ಗಾಬರಿಯಾದಳು. ನಾನು ಆಗಲೇ ಎರಡೂ ಕೈಯಿಂದ ಹಗ್ಗ ಎಳೆಯತೊಡಗಿದ್ದೆ.

ನೀರಿನ ಅಬ್ಬರವನ್ನು ಸೀಳಿಕೊಂಡು ಅಕ್ಕನ ದನಿ ಮೇಲೆ ಬಂತು:

“ಬಿಡ ಹುಚ್ಚಿ, ಎಳೀಬ್ಯಾಡ! ಇಷ್ಟ್ ನೀರದ, ಕೊಡಾನೇ ತಂದಿಲ್ಲ ನಾವು!”