ಮೂರನೇ ಸಲ ಕರೆದಾಗ

ಬೊರೊಬುದುರ್ ಸ್ತೂಪದ ಹಿಂಬದಿಯ ಗದ್ದೆದಾರಿಯಲ್ಲಿ ನಡೆದು ಬರುವ ಯಾರನ್ನೂ ಬು ತುಕಿರಾ, ಎಂದರೆ ತುಕಿರಾ ಅಮ್ಮ, ಸುಮ್ಮನೆ ಹೋಗಲು ಬಿಟ್ಟವಳಲ್ಲ. ಜಗುಲಿಯ ಮೇಲೆ ತೆಂಗಿನ ಗರಿ ಸೀಳಿ ಪೊರಕೆ ಕಟ್ಟುತ್ತ, "ಬನ್ನಿ ಒಳಗೆ, ಊಟ ಮಾಡ್ಕೊಂಡು ಹೋಗಿ!" ಎಂದು ಕೂಗುವುದು ಅವಳಿಗೆ ಉಸಿರಾಡಿದಷ್ಟೇ ಸಲೀಸು. ದಾರಿಹೋಕರು "ಆಯ್ತು ಬು, ಇನ್ನೊಂದ್ಸಲ" ಎಂದು ಮುಂದೆ ಹೋಗುತ್ತಾರೆ. ಜಾವಾದ ಮರ್ಯಾದಸ್ಥರು ಕರೆಯುವುದೂ ಹೀಗೆ, ಬಾರದಿರುವುದೂ ಹೀಗೆ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವಳು ಕೂಗಿದ್ದಾಳೆ. ಒಲೆಯ ಮೇಲೆ ಏನೂ ಇಲ್ಲದ ದಿನ ದನಿ ಇನ್ನಷ್ಟು ಜೋರು. ಒಬ್ಬರಾದರೂ ಒಳಗೆ ಬಂದು ಕೂತದ್ದಿಲ್ಲ.

ಆ ಶನಿವಾರ ಒಲೆಯ ಮೇಲೆ ಕೋಳಿ ಇತ್ತು. ಮಗಳು ಸೆಕಾರ್‌ಳನ್ನು ನೋಡಲು ಪಕ್ಕದ ಮುಂತಿಲಾನ್ ಪೇಟೆಯಿಂದ ಗಂಡಿನ ತಾಯಿ ಬು ಪರ್ತಿನಿ ಬರುವವಳಿದ್ದಳು. ಹುಡುಗ ಹುಡುಗಿ ಎಂದೋ ಒಪ್ಪಿಯಾಗಿತ್ತು. ಒಪ್ಪಬೇಕಾದವಳು ಈ ತಾಯಿ. ಹಿಂದೊಂದು ಮನೆಯಲ್ಲಿ ಚಹಾ ತಣ್ಣಗಿತ್ತೆಂದು ಸಂಬಂಧವನ್ನೇ ಬಿಟ್ಟು ಎದ್ದು ಬಂದಳೆಂದು ಆಕೆಯ ಕೀರ್ತಿ ಹಬ್ಬಿತ್ತು. ಹಾಗಾಗಿ ಮನೆಯಲ್ಲಿದ್ದ ಒಂದೇ ಹುಂಜ ತೆಂಗಿನ ಹಾಲಿನಲ್ಲಿ ಇಡಿಯಾಗಿ ಬೆಂದು, ಮುಚ್ಚಳದಡಿ ಕಾಯುತ್ತಿತ್ತು.

ಅಷ್ಟರಲ್ಲಿ ಸ್ತೂಪ ನೋಡಿ ಮುಗಿಸಿದ ಡಚ್ ದಂಪತಿ ಗದ್ದೆದಾರಿಯಲ್ಲಿ ಬಂದರು. ಗಂಡ ತೆಂಗಿನ ಮರದುದ್ದ, ಹೆಂಡತಿ ಬಿಸಿಲಿಗೆ ಬೆಂದು ಕೆಂಪು. ತುಕಿರಾಳ ನಾಲಿಗೆ ತಲೆಯನ್ನೊಂದು ಮಾತು ಕೇಳದೆ ಕೂಗಿಬಿಟ್ಟಿತು. ಕೈ ಬೇರೆ ತುತ್ತಿಡುವ ಹಾಗೆ ಬಾಯಿಯ ಹತ್ತಿರ ಹೋಯಿತು. ಅವರು ಒಬ್ಬರ ಮುಖ ಒಬ್ಬರು ನೋಡಿ, ಸಂತೋಷದಿಂದ ಶೂ ಬಿಚ್ಚಿದರು.

"ಅಮ್ಮಾ, ಬಂದೇಬಿಟ್ರಲ್ಲ!" ಸೆಕಾರ್ ಪಿಸುಗುಟ್ಟಿದಳು.

"ಕರೆದ್ಮೇಲೆ ಹೋಗಿ ಅನ್ನಕ್ಕಾಗತ್ತೇನೆ? ಒಂದೊಂದು ಚೂರು ಹಾಕು, ಸಾಕು."

ಒಂದೊಂದು ಚೂರೇ ಹಾಕಿದ್ದು. ಆದರೆ ತಟ್ಟೆಯಲ್ಲಿ ಏನಾದರೂ ಬಿಟ್ಟರೆ ಅಡುಗೆ ಮಾಡಿದವರಿಗೆ ಅವಮಾನ ಎಂದು ಡಚ್ಚರನ್ನು ಬೆಳೆಸಿದ್ದರು. ತಟ್ಟೆ ಬರಿದಾದರೆ ಅತಿಥಿಯ ಹೊಟ್ಟೆ ತುಂಬಿಲ್ಲ ಎಂದು ತುಕಿರಾಳನ್ನು ಬೆಳೆಸಿದ್ದರು. ಅವರು ಬಳಿದು ತಿಂದರು, ಇವಳು ಮತ್ತೆ ಬಡಿಸಿದಳು. ಡಚ್ಚನ ಹಣೆಯಲ್ಲಿ ಬೆವರು, ತುಕಿರಾಳ ಹಣೆಯಲ್ಲೂ ಬೆವರು. ಎರಡೂ ಕಡೆಯವರು ನಗುತ್ತಲೇ ಇದ್ದರು, ಯಾರೂ ಸೋಲಲಿಲ್ಲ. ಸೋತದ್ದು ಕೋಳಿ.

ಮೂಳೆಗಳನ್ನು ಎತ್ತಿಡುವಷ್ಟರಲ್ಲಿ ಬು ಪರ್ತಿನಿ ಮಗನ ಬೈಕಿನಿಂದಿಳಿದು, ತಲೆವಸ್ತ್ರ ಸರಿಪಡಿಸಿಕೊಳ್ಳುತ್ತ ಒಳಗೆ ಬಂದಳು.

"ಊಟ ಮಾಡಿ ಬು," ಎಂದಳು ತುಕಿರಾ.

"ಅಯ್ಯೋ ಬೇಡಿ, ಮನೇಲೇ ಆಯ್ತು."

"ಹಾಗಂದ್ರೆ ಹೇಗೆ? ಸ್ವಲ್ಪ ಮಾಡಿ."

"ಬೇಡ ಬು, ಹೊಟ್ಟೆ ತುಂಬಿದೆ." ಹಾಗೆನ್ನುವಾಗಲೇ ಆ ಹೊಟ್ಟೆ ಗುರ್ ಎಂದದ್ದು ಬಾಗಿಲ ಹಿಂದಿದ್ದ ಸೆಕಾರ್‌ಗೂ ಕೇಳಿಸಿತು.

ಮೂರನೆಯ ಸಲ ಕರೆದರೆ ಒಪ್ಪಬೇಕು, ಅದು ಕ್ರಮ. ಕರೆಯದಿದ್ದರೆ ಹಿಂದಿನ ಎರಡೂ ಬರಿಯ ಬಾಯಿಮಾತು ಎಂದಾಯಿತು. ಕರೆದರೆ ಬಡಿಸಲು ಉಳಿದದ್ದು ಕೋಳಿಯ ಕುತ್ತಿಗೆ ಮಾತ್ರ. ಮಗಳ ಮದುವೆ ತನ್ನ ನಾಲಿಗೆಯ ತುದಿಯಲ್ಲಿ ಕೂತಿದೆ ಎಂದು ತುಕಿರಾಳಿಗೆ ನಿಜಕ್ಕೂ ಭಯವಾಯಿತು. ಹುಟ್ಟಿದಾಗಿನಿಂದ ಮೊದಲ ಬಾರಿಗೆ ಅವಳು ಬಾಯಿ ಬಿಗಿಹಿಡಿದಳು.

ಆಗ ಡಚ್ಚ, ಅಷ್ಟು ಹೊತ್ತು ಕೇಳಿ ಕೇಳಿ ಕಲಿತ ಮಾತನ್ನು, ಪರ್ತಿನಿಯ ಕಡೆ ತುತ್ತಿನ ಕೈ ಆಡಿಸಿ, ಹೇಳಿಯೇಬಿಟ್ಟ: "ಊಟ ಮಾಡಿ!"

"ಇಷ್ಟೊಂದು ಒತ್ತಾಯ ಮಾಡಿದ್ಮೇಲೆ..." ಎನ್ನುತ್ತ ಪರ್ತಿನಿ ಚಾಪೆಯ ಮೇಲೆ ಕಾಲು ಮಡಿಸಿದಳು.

ತುಕಿರಾ ಅನ್ನ, ಕರಿದ ಸೋಯಾ ತೆಂಪೆ, ಮೆಣಸಿನಕಾಯಿ ಚಟ್ನಿ ತಂದಿಟ್ಟಳು. ಪಕ್ಕದಲ್ಲಿ ಆ ಕುತ್ತಿಗೆ. "ನಿಮಗೇಂತ ಇಡೀ ಕೋಳಿ ಮಾಡಿದ್ದೆ ಬು. ಬಾಯಿಮಾತಿಗೆ ಇವರನ್ನ ಕರೆದೆ. ಬಂದ್ಬಿಟ್ರು."

ಪರ್ತಿನಿ ಕುತ್ತಿಗೆಯನ್ನು ನೋಡಿದಳು, ಡಚ್ಚರನ್ನು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಬರೀ ಊಟಕ್ಕೆ ಕರೆದ್ರಾ? ನೀವೇ ಪುಣ್ಯವಂತರು. ನಾನು ಇಂಥೋರಿಗೇ ಒಂದ್ಸಲ 'ಇಲ್ಲೇ ಮಲ್ಕೊಳ್ಳಿ' ಅಂದ್ಬಿಟ್ಟಿದ್ದೆ. ವಾರ ಪೂರ್ತಿ ನನ್ನ ಮಂಚದ ಮೇಲೆ ಅವರು, ಅಡುಗೆಮನೇಲಿ ನಾನು!"

ಕುತ್ತಿಗೆಯನ್ನು ಆಕೆ ಮೂಳೆ ಹೊಳೆಯುವಂತೆ ತಿಂದಳು. ಚಹಾ ಆರಿಹೋಗಿತ್ತು, ಅದನ್ನೂ ಕುಡಿದಳು. ಹೊರಟು ನಿಂತಾಗ, "ಶುಕ್ರವಾರ ನಮ್ಮನೇಗೆ ಬನ್ನಿ ಬೀಗರೇ" ಎಂದಳು. ಬೀಗರೇ ಎಂಬ ಮಾತು ಕೇಳಿ ಸೆಕಾರ್ ನಿಂತಲ್ಲೇ ಕಣ್ಣು ಒರೆಸಿಕೊಂಡಳು.

ತುಕಿರಾಳ ನಾಲಿಗೆ ಮಾತ್ರ ಹಳೆಯ ಚಾಳಿ ಬಿಟ್ಟಿರಲಿಲ್ಲ. "ಆಯ್ತು ಬು, ಇನ್ನೊಂದ್ಸಲ," ಎಂದಿತು.

ಪರ್ತಿನಿ ಬೈಕಿನ ಹತ್ತಿರದಿಂದಲೇ ತಿರುಗಿ, ಡಚ್ಚರತ್ತ ಬೆರಳು ತೋರಿಸಿದಳು.

"ಇನ್ನೊಂದ್ಸಲ ಗಿನ್ನೊಂದ್ಸಲ ಎಲ್ಲ ಬೇಡ. ಇವರ ಹಾಗೆ ಬನ್ನಿ."